ನೀರಿನ ಮೇಲಿನ ಬಿಸಿಲು: ಮೀನು ಹಿಡಿಯುವವರು ಕೈ, ಮೈ ಕಾಪಾಡಿಕೊಳ್ಳುವ ಬಗೆ

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಿಮಗೆಲ್ಲ ಗೊತ್ತಿರುವುದೇ. ಕೆಸರಾದ ಕೈಯನ್ನು ತೊಳೆದುಕೊಂಡರೆ ಆಯಿತು. ಆದರೆ ವರ್ಷಗಟ್ಟಲೆ ಬಿಸಿಲಿಗೆ ಬೆಂದ ಕೈಯನ್ನು ಯಾವ ನೀರಿನಿಂದ ತೊಳೆದರೂ ಮೊದಲಿನಂತೆ ಮಾಡಲಾಗುವುದಿಲ್ಲ. ಎತ್ತಿನ ಹೆಗಲು ಹುಣ್ಣಾದರೆ ನಾವು ನೊಗ ಹೂಡುವುದಿಲ್ಲ. ಮಾಯುವ ತನಕ ಕೊಟ್ಟಿಗೆಯಲ್ಲಿ ಕಟ್ಟಿ ಮದ್ದು ಮಾಡುತ್ತೇವೆ. ನಮ್ಮ ಕೈಗೆ ಮಾತ್ರ ಆ ಮರ್ಯಾದೆ ಇಲ್ಲ. ಆದಕಾರಣ ಈ ಹೊತ್ತು ಕೆರೆ, ಕುಂಟೆ, ಹೊಂಡಗಳಲ್ಲಿ ಮೀನು ಹಿಡಿಯುವವರು ಬಿಸಿಲಿನಿಂದ ಕೈಯನ್ನೂ ಚರ್ಮವನ್ನೂ ಹೇಗೆ ಕಾಪಾಡಿಕೊಳ್ಳಬೇಕು ಎಂಬ ವಿಷಯವಾಗಿ ನಾಲ್ಕು ಮಾತು ಹೇಳುತ್ತೇನೆ.

"ಮೀನು ಹಿಡಿಯೋದು ಬೆಸ್ತರ ಕಸುಬು, ಬೇಸಾಯಗಾರರಾದ ನಮಗೆ ಯಾಕ್ರೀ ಈ ಮಾತು?" ಎಂದು ನೀವು ಕೇಳಬಹುದು. ಆ ಕಾಲ ಹೋಯಿತು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಎಷ್ಟೋ ಹೊಲಗಳಲ್ಲಿ ಕೃಷಿ ಹೊಂಡಗಳಾದವು. ಹೊಂಡದಲ್ಲಿ ಕಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿಗಳನ್ನು ಬಿಟ್ಟು ಸಾಕುವ ರೈತರಿದ್ದಾರೆ. ಕೆರೆಯ ಮೀನಿನ ಹಕ್ಕನ್ನು ಗುತ್ತಿಗೆ ಹಿಡಿದವರಿದ್ದಾರೆ. ರಾಗಿ ಕುಯ್ಲು ಮುಗಿದ ಬಿಡುವಿನಲ್ಲಿ ಗಾಳ ಹಿಡಿದು ಏರಿಯ ಮೇಲೆ ಕೂರುವವರಂತೂ ಪ್ರತಿ ಊರಿನಲ್ಲೂ ಉಂಟು. ಕಸುಬು ಯಾರದ್ದಾದರೇನು, ಸೂರ್ಯನಿಗೆ ಎಲ್ಲರ ಚರ್ಮವೂ ಒಂದೇ.

ನಮ್ಮ ಬೆಂಗಳೂರಿನ ಉತ್ತರ ಭಾಗವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬಳ್ಳಾರಿ ರಸ್ತೆಯ ಪಕ್ಕದ ಗಂಗಾನಗರ ಈಗ ಪೂರ್ತಿ ಪೇಟೆಯೇ ಆಗಿದೆ. ಅಲ್ಲಿಂದ ಅದೇ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಪಶುವೈದ್ಯಕೀಯ ಕಾಲೇಜು, ಅದನ್ನು ದಾಟಿದರೆ ಹೆಬ್ಬಾಳದ ಕೆರೆ. ಇನ್ನೂ ಮುಂದೆ ರಾಚೇನಹಳ್ಳಿ, ಜಕ್ಕೂರು, ಯಲಹಂಕದ ಕೆರೆಗಳು. ಸುತ್ತ ಮನೆಗಳೆದ್ದರೂ ಜಕ್ಕೂರು ಕೆರೆಯಲ್ಲಿ ಹರಿಗೋಲಿನಲ್ಲಿ ಕುಳಿತು ಬಲೆ ಬಿಡುವ ಕೆಲಸ ನಿಂತಿಲ್ಲ. ಏರಿಯ ಮೇಲೆ ಹೋಗುವವರು ನಿಂತು ನೋಡಿ, "ತಣ್ಣಗೆ ಗಾಳಿ ಬೀಸ್ತಾ ಇದೆ, ಎಷ್ಟು ಸುಖವಾದ ಕೆಲಸ!" ಎನ್ನುವುದುಂಟು. ಆ ತಣ್ಣನೆಯ ಗಾಳಿಯಲ್ಲೇ ಮೋಸ ಅಡಗಿದೆ.

ಹೇಗೆಂದು ಕೇಳಿ. ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕು, ಮೈಗೆ ತಾಗುವ ಶಾಖ, ಇವೆರಡೇ ಅಲ್ಲದೆ ಮೂರನೆಯದೊಂದು ಉಂಟು. ಅದು ಅತಿನೇರಳೆ ಕಿರಣ. ಅದು ಕಣ್ಣಿಗೆ ಕಾಣದು, ಮೈಗೆ ಬಿಸಿಯಾಗಿಯೂ ತಿಳಿಯದು. 1801ರಲ್ಲಿ ಜರ್ಮನಿಯ ರಿಟ್ಟರ್ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದರು. ಚರ್ಮವನ್ನು ಸುಡುವುದು, ಕಪ್ಪಾಗಿಸುವುದು, ಸುಕ್ಕುಗಟ್ಟಿಸುವುದು ಮುಖ್ಯವಾಗಿ ಈ ಕಿರಣವೇ. ಹೊಲದಲ್ಲಿ ನಿಂತಾಗ ಶಾಖ ಹೆಚ್ಚಾಗಿ ಮೈ ಬೆವರಿ, ನಾವೇ ಮರದಡಿಗೆ ಹೋಗುತ್ತೇವೆ. ನೀರಿನ ಮೇಲೆ ಹಾಗಲ್ಲ. ಗಾಳಿ ಬೀಸುತ್ತದೆ, ಕೈ ಒದ್ದೆಯಾಗಿರುತ್ತದೆ, ಶಾಖ ತಿಳಿಯುವುದಿಲ್ಲ. ಕಿರಣ ಮಾತ್ರ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಸುಟ್ಟ ಉರಿ ಕಾಣಿಸಿಕೊಳ್ಳುವುದು ಮೂರು ನಾಲ್ಕು ಗಂಟೆಯ ನಂತರ. ಸಂಜೆ ಮನೆಗೆ ಬಂದು ಸ್ನಾನಕ್ಕೆ ನೀರು ಹುಯ್ದುಕೊಂಡಾಗ "ಅಯ್ಯೋ, ಕೈ ಉರೀತದೆ" ಎನ್ನುತ್ತೇವೆ. ಆ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿರುತ್ತದೆ.

ನೀರು ಕನ್ನಡಿಯ ಹಾಗೆ ಬಿಸಿಲನ್ನೆಲ್ಲ ವಾಪಸು ಎಸೆಯುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಕಣ್ಣು ಕುಕ್ಕುವ ಬೆಳಕು ಬೇರೆ, ಅತಿನೇರಳೆ ಕಿರಣ ಬೇರೆ. ಕೆರೆಯ ನೀರು ಹಿಂದಕ್ಕೆ ಎಸೆಯುವುದು ಈ ಕಿರಣದಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಆ ಪಾಲು ಕೆಳಗಿನಿಂದ ಬರುವುದರಿಂದ ಟೋಪಿಯ ಅಂಚಿನ ಕೆಳಗೆ ನುಗ್ಗಿ ಗಲ್ಲ, ಮೂಗಿನ ಅಡಿ, ತುಟಿ, ಕಣ್ಣುಗಳನ್ನು ಮುಟ್ಟುತ್ತದೆ. ಇನ್ನು ನೀರಿನೊಳಗೆ ಇಳಿದರೆ ರಕ್ಷಣೆ ಸಿಕ್ಕೀತೇ ಎಂದರೆ, ಅದೂ ಪೂರ್ತಿ ಇಲ್ಲ. ತಿಳಿಯಾದ ನೀರಿನಲ್ಲಿ ಅರ್ಧ ಮೀಟರ್ ಆಳದಲ್ಲೂ ಮೇಲಿನ ಕಿರಣದ ಸುಮಾರು ನೂರಕ್ಕೆ ನಲವತ್ತು ಭಾಗ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಕಾರಣ ಬೇರೆ. ಕೆರೆಯ ನಡುವೆ ಮರವಿಲ್ಲ, ಗೋಡೆಯಿಲ್ಲ. ನೆತ್ತಿಯ ಮೇಲಿನ ಸೂರ್ಯನಿಂದಲ್ಲದೆ ನಾಲ್ಕೂ ದಿಕ್ಕಿನ ಬಯಲು ಆಕಾಶದಿಂದಲೂ ಕಿರಣ ಚೆದುರಿ ಬಂದು ಮೈಮೇಲೆ ಬೀಳುತ್ತದೆ.

ಇದರ ಜೊತೆಗೆ ನಮ್ಮ ಊರಿನ ಎತ್ತರವೂ ಸೇರುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್, ಅಂದರೆ ಹತ್ತಿರ ಹತ್ತಿರ 3000 ಅಡಿ ಮೇಲಿದೆ. ಎತ್ತರಕ್ಕೆ ಹೋದಷ್ಟೂ ಸೆಕೆ ಕಡಿಮೆ. ಅತಿನೇರಳೆ ಕಿರಣವಾದರೋ ಸಾವಿರ ಮೀಟರ್ ಏರಿದರೆ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. "ಬೆಂಗಳೂರಿನ ಹವಾ ತಂಪು" ಎಂಬ ಮಾತು ನಿಜವೇ. ತಂಪು ಹವೆಯಲ್ಲಿ ಬಿಸಿಲು ಸುಡುವುದಿಲ್ಲ ಎಂಬುದು ಮಾತ್ರ ನಿಜವಲ್ಲ.

"ನಮ್ಮದು ಕಪ್ಪು ಚರ್ಮ, ಬಿಸಿಲಿಗೆ ಹುಟ್ಟಿದ್ದು, ಏನೂ ಆಗಲ್ಲ ಬಿಡಿ" ಎನ್ನುವವರಿಗೂ ಒಂದು ಮಾತು. ಕಪ್ಪು ಬಣ್ಣ ಚರ್ಮಕ್ಕೆ ಸ್ವಲ್ಪ ಮಟ್ಟಿಗೆ ರಕ್ಷಣೆ ಕೊಡುವುದು ಹೌದು. ಬಿಳಿಯ ಜನರಿಗಿಂತ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಹಳ ಕಡಿಮೆ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ಕೆನ್ನೆಯ ಮೇಲೆ ಬಂಗು ಬರುವುದು, ಹಿಂಗೈ ಚರ್ಮ ದೊರಗಾಗಿ ಬಿರಿಯುವುದು, ಕೆಳದುಟಿ ಒಡೆಯುವುದು, ಕಣ್ಣಿಗೆ ಪೊರೆ ಬೇಗ ಬರುವುದು, ಇವೆಲ್ಲ ನಮ್ಮಲ್ಲೂ ಉಂಟು. ತೊನ್ನು ಇರುವವರ ಬಿಳಿ ಮಚ್ಚೆಗಳಿಗಂತೂ ಈ ಬಣ್ಣದ ರಕ್ಷಣೆ ಇಲ್ಲವೇ ಇಲ್ಲ. ಅಂಥವರು ಎರಡರಷ್ಟು ಜೋಪಾನವಾಗಿರಬೇಕು. ಅಂದ ಹಾಗೆ, ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ನೀರಿನ ಮೇಲೆ ದುಡಿಯುವವರ ಚರ್ಮ ಬೇರೆಯವರಿಗಿಂತ ಬೇಗ ಕೆಡುತ್ತದೆ ಎಂಬುದು ಹೊಸ ಮಾತೇನಲ್ಲ. 1894ರಷ್ಟು ಹಿಂದೆಯೇ ಜರ್ಮನಿಯ ಚರ್ಮವೈದ್ಯ ಉನ್ನಾ ಎಂಬುವರು ಹಡಗಿನ ಕೆಲಸಗಾರರ ಮುಖ ಮತ್ತು ಕೈಗಳ ಚರ್ಮವನ್ನು ಪರೀಕ್ಷಿಸಿ, ಅದಕ್ಕೆ "ನಾವಿಕರ ಚರ್ಮ" ಎಂದೇ ಹೆಸರಿಟ್ಟು, ಅದರಿಂದ ಕ್ಯಾನ್ಸರ್ ಹುಟ್ಟುವುದನ್ನೂ ಬರೆದಿಟ್ಟರು. 1992ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸೂರ್ಯನ ಕಿರಣವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿತು.

ಹಾಗಾದರೆ ಮಾಡಬೇಕಾದ್ದೇನು? ಬಿಸಿಲಿಗೆ ಹೆದರಿ ಬಲೆಯನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಮೊದಲು ಹೊತ್ತು ನೋಡಿಕೊಳ್ಳಬೇಕು, ಎರಡನೆಯದಾಗಿ ಬಟ್ಟೆ, ಕಡೆಯದಾಗಿ ಮುಲಾಮು. ಈ ಕ್ರಮವನ್ನು ತಲೆಕೆಳಗು ಮಾಡಬಾರದು.

ಹೊತ್ತಿನ ವಿಚಾರ ನೋಡೋಣ. ದಿನದ ಅತಿನೇರಳೆ ಕಿರಣದಲ್ಲಿ ನೂರಕ್ಕೆ ಅರವತ್ತು ಭಾಗ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ ಬೀಳುತ್ತದೆ. ಗಡಿಯಾರ ಇಲ್ಲದಿದ್ದರೂ ಚಿಂತೆಯಿಲ್ಲ, ನಿಮ್ಮ ನೆರಳೇ ಗಡಿಯಾರ. ನೆರಳು ನಿಮಗಿಂತ ಉದ್ದವಿದ್ದರೆ ಕಿರಣದ ಬಲ ಕಡಿಮೆ. ನೆರಳು ನಿಮಗಿಂತ ಗಿಡ್ಡವಾದ ಕೂಡಲೆ ಜೋಪಾನ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಹಗಲು 12 ಗಂಟೆ 20 ನಿಮಿಷದ ಆಸುಪಾಸಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಏಪ್ರಿಲ್ಲಿನಲ್ಲಿ ಹೇಗೂ ಎಲ್ಲರೂ ಎಚ್ಚರವಾಗಿರುತ್ತಾರೆ. ಆಗಸ್ಟಿನಲ್ಲಿ ಮೋಡ ಕವಿದು ತಂಪಾಗಿರುವುದರಿಂದ ಬಿಸಿಲಿನ ನೆನಪೇ ಇರುವುದಿಲ್ಲ. ತೆಳು ಮೋಡವಾದರೆ ನೂರಕ್ಕೆ ತೊಂಬತ್ತು ಭಾಗ ಕಿರಣ ಅದರ ಮೂಲಕ ಹಾದುಬರಬಹುದು. ಆದುದರಿಂದ ಆಗಸ್ಟಿನ ಬಿಳಿ ಮೋಡವನ್ನು ನಂಬಬೇಡಿ.

ಸಂಜೆ ಬಲೆ ಕಟ್ಟಿ ನಸುಕಿನಲ್ಲಿ ಎತ್ತುವುದು ನಮ್ಮ ಹಿಂದಿನವರು ಕಂಡುಕೊಂಡ ಪದ್ಧತಿ. ಅದರಲ್ಲಿ ಎರಡು ಲಾಭ. ತಂಪು ಹೊತ್ತಿನಲ್ಲಿ ಹಿಡಿದ ಮೀನು ಬೇಗ ಹಳಸುವುದಿಲ್ಲ, ಪೇಟೆಗೆ ಹೊಸದಾಗಿ ಮುಟ್ಟಿ ಒಳ್ಳೆಯ ಬೆಲೆ ಸಿಗುತ್ತದೆ. ಹಿಡಿದವನ ಚರ್ಮವೂ ಉಳಿಯುತ್ತದೆ. ಹೊಂಡದಲ್ಲಿ ಎಳೆಬಲೆ ಹಾಕುವವರೂ ಬೆಳಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸುವಂತೆ ಆಳುಗಳನ್ನು ಗೊತ್ತು ಮಾಡಿಕೊಳ್ಳಿ. ಬಲೆ ಹೆಣೆಯುವುದು, ಹರಿದದ್ದು ತಿದ್ದುವುದು, ಮೀನು ತೂಗುವುದು, ಇವನ್ನೆಲ್ಲ ನಡುಹಗಲಿಗೆ ಇಟ್ಟುಕೊಂಡು ಏರಿಯ ಹೊಂಗೆ ಮರದ ನೆರಳಿನಲ್ಲಿ ಮಾಡಿ.

ಇನ್ನು ಬಟ್ಟೆ. ತುಂಬುತೋಳಿನ ಅಂಗಿ ಬೇಕು. ನೇಯ್ಗೆ ಒತ್ತಾಗಿರಬೇಕು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಆಚೆಯದು ಕಂಡರೆ ಕಿರಣವೂ ದಾಟುತ್ತದೆ ಎಂದೇ ತಿಳಿಯಿರಿ. ತೆಳುವಾದ ಬಿಳಿ ಹತ್ತಿ ಬಟ್ಟೆ ಒದ್ದೆಯಾದರೆ ಅದರ ರಕ್ಷಣೆ ಅರ್ಧಕ್ಕೆ ಇಳಿಯುತ್ತದೆ. ನೀರಿನ ಕೆಲಸಕ್ಕೆ ಬೇಗ ಆರುವ, ಸ್ವಲ್ಪ ಗಾಢ ಬಣ್ಣದ ಪಾಲಿಯೆಸ್ಟರ್ ಬಟ್ಟೆ ಮೇಲು. ಬೀಸುಬಲೆ ಎಸೆಯುವವರು ಇನ್ನೊಂದು ಮಾತನ್ನು ಮರೆಯಬಾರದು: ಅಂಗಿಗೆ ಗುಂಡಿ ಇರಬಾರದು. ಬಲೆಯ ಕಣ್ಣು ಗುಂಡಿಗೆ ಸಿಕ್ಕಿಕೊಂಡರೆ ಬಲೆಯ ಜೊತೆಗೆ ಮನುಷ್ಯನೂ ನೀರಿಗೆ ಬೀಳುತ್ತಾನೆ. ಗುಂಡಿಯಿಲ್ಲದ ತುಂಬುತೋಳಿನ ಬನಿಯನ್ನೇ ಒಳ್ಳೆಯದು.

ತಲೆಗೆ ಟವೆಲ್ ಸುತ್ತಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಅದು ನೆತ್ತಿಯನ್ನು ಕಾಯುತ್ತದೆ; ಕಿವಿ, ಮೂಗು, ಕುತ್ತಿಗೆಯ ಹಿಂಭಾಗವನ್ನು ಕಾಯುವುದಿಲ್ಲ. ಕರಾವಳಿಯ ಅಡಿಕೆ ಹಾಳೆಯ ಟೋಪಿಯದೂ ಅದೇ ಕಥೆ. ಸುತ್ತಲೂ ಮೂರು ಬೆರಳಿಗಿಂತ ಅಗಲವಾದ ಅಂಚಿರುವ ಟೋಪಿ ಬೇಕು. ಗಾಳಿಗೆ ಹಾರದಂತೆ ಗಲ್ಲದ ಕೆಳಗೆ ದಾರ ಕಟ್ಟಿರಬೇಕು. ಟೋಪಿ ಇಲ್ಲದಿದ್ದರೆ ಟವೆಲಿನ ಒಂದು ತುದಿಯನ್ನು ಕಿವಿ, ಕುತ್ತಿಗೆ ಮುಚ್ಚುವಂತೆ ಇಳಿಬಿಟ್ಟುಕೊಳ್ಳಿ. ಹರಿಗೋಲಿಗೆ ಕೊಡೆ ಕಟ್ಟುವ ಉಪಾಯ ಮಾತ್ರ ಬೇಡ. ಗಾಳಿ ಕೊಡೆಯನ್ನು ಹಿಡಿದರೆ ಹರಿಗೋಲು ಮಗುಚುವುದು ಕ್ಷಣದ ಮಾತು.

ಈಗ ಕೈಯ ವಿಚಾರಕ್ಕೆ ಬರುತ್ತೇನೆ. ಬಲೆ ಎಳೆಯುವಾಗ, ಗಾಳ ಹಿಡಿದಾಗ ಹಿಂಗೈ ಸದಾ ಆಕಾಶಕ್ಕೇ ಮುಖ ಮಾಡಿರುತ್ತದೆ. ಅಂಗಿಯ ತೋಳು ಮಣಿಕಟ್ಟಿಗೆ ನಿಲ್ಲುತ್ತದೆ, ಹಿಂಗೈ ಬರಿದು. ನೀರಿಗೆ ಅದ್ದಿ ಅದ್ದಿ ಆರುವುದರಿಂದ ಚರ್ಮದ ಸಹಜವಾದ ಎಣ್ಣೆ ಹೋಗುತ್ತದೆ, ಬಿಸಿಲು ಅದನ್ನು ಒಣಗಿಸುತ್ತದೆ, ಚರ್ಮ ಸೀಳುತ್ತದೆ. ನೈಲಾನ್ ದಾರ, ಜಿಲೇಬಿ ಮೀನಿನ ಬೆನ್ನ ಮುಳ್ಳು ಆ ಸೀಳನ್ನು ಹುಣ್ಣು ಮಾಡುತ್ತವೆ. ಪೇಟೆಯ ಕೊಳೆನೀರು ಸೇರಿದ ಕೆರೆಯಾದರಂತೂ ಹುಣ್ಣಿನ ಮೂಲಕ ಇಲಿಜ್ವರದಂಥ ರೋಗವೇ ಒಳಗೆ ಹೊಕ್ಕೀತು. ಬಿಸಿಲಿನಿಂದ ಶುರುವಾದ ಸಣ್ಣ ಬಿರುಕು ಹೀಗೆ ಹದಿನೈದು ದಿನದ ದುಡಿಮೆಯನ್ನು ನುಂಗಿಬಿಡಬಹುದು.

ಇದಕ್ಕೆ ಖರ್ಚಿಲ್ಲದ ಉಪಾಯವಿದೆ. ಮನೆಯಲ್ಲಿರುವ ಹಳೆಯ ಉದ್ದ ಕಾಲುಚೀಲವನ್ನು ತೆಗೆದುಕೊಳ್ಳಿ. ಬೆರಳಿನ ತುದಿಯ ಭಾಗವನ್ನು ಕತ್ತರಿಸಿ ಹಾಕಿ. ಹಿಮ್ಮಡಿಯ ಜಾಗದಲ್ಲಿ ಹೆಬ್ಬೆರಳು ತೂರುವಷ್ಟು ತೂತು ಮಾಡಿ, ದಾರ ಬಿಡದಂತೆ ಅಂಚನ್ನು ಹೊಲಿಯಿರಿ. ಕೈಗೆ ಹಾಕಿಕೊಂಡರೆ ಬೆರಳಿನ ಗೆಣ್ಣಿನಿಂದ ಮುಂಗೈವರೆಗೆ ಮುಚ್ಚುತ್ತದೆ, ಬೆರಳು ಬಿಡುವಾಗಿರುವುದರಿಂದ ಗಂಟು ಹಾಕುವುದಕ್ಕೂ ಗಾಳಕ್ಕೆ ಹುಳು ಸಿಕ್ಕಿಸುವುದಕ್ಕೂ ಅಡ್ಡಿಯಿಲ್ಲ. ಸ್ಕೂಟರಿನವರು ತೋಳಿಗೆ ಹಾಕಿಕೊಳ್ಳುವ ಬಿಗಿ ತೋಳುಚೀಲ ಈಗ ರಸ್ತೆಬದಿಯಲ್ಲೇ ಸಿಗುತ್ತದೆ. ಹಿಂಗೈ ಮುಚ್ಚುವಂಥದ್ದನ್ನು ನೋಡಿ ಕೊಳ್ಳಿ. ಯಾವುದೇ ಆದರೂ ಕೈಗೆ ಬಿಗಿಯಾಗಿರಲಿ. ಸಡಿಲವಾದದ್ದು ಬಲೆಗೆ ಸಿಕ್ಕಿಕೊಳ್ಳುತ್ತದೆ.

ಮುಲಾಮು ಕಡೆಯದು. ಔಷಧದ ಅಂಗಡಿಯಲ್ಲಿ "ಸನ್‌ಸ್ಕ್ರೀನ್" ಎಂದು ಕೇಳಿದರೆ ಕೊಡುತ್ತಾರೆ. ಡಬ್ಬಿಯ ಮೇಲೆ ಎಸ್.ಪಿ.ಎಫ್. 30 ಅಥವಾ ಹೆಚ್ಚು ಎಂದಿರಲಿ. ಬಟ್ಟೆ ಮುಚ್ಚದ ಭಾಗಕ್ಕೆ, ಅಂದರೆ ಮೂಗು, ಕೆನ್ನೆ, ಕಿವಿ, ಕುತ್ತಿಗೆ, ಬೆರಳುಗಳ ಮೇಲ್ಭಾಗಕ್ಕೆ ಹೊರಡುವುದಕ್ಕೆ ಕಾಲು ಗಂಟೆ ಮೊದಲೇ ಧಾರಾಳವಾಗಿ ಹಚ್ಚಿ. ಎರಡು ಗಂಟೆಗೊಮ್ಮೆ, ನೀರಿಗಿಳಿದು ಒರೆಸಿಕೊಂಡ ಮೇಲೆ ಮತ್ತೊಮ್ಮೆ ಹಚ್ಚಬೇಕು. ಅಂಗೈಗೆ ಉಳಿದದ್ದನ್ನು ಒರೆಸಿಬಿಡಿ, ಇಲ್ಲವಾದರೆ ಹುಟ್ಟು ಜಾರುತ್ತದೆ. ತೆಂಗಿನೆಣ್ಣೆ ಇದಕ್ಕೆ ಬದಲಿಯಲ್ಲ. ಎಣ್ಣೆ ಚರ್ಮವನ್ನು ಮೆತ್ತಗಾಗಿಸುತ್ತದೆಯೇ ಹೊರತು ಬಿಸಿಲಿಗೆ ಕೊಡೆಯಾಗುವುದಿಲ್ಲ. ಅದರ ಹೊತ್ತು ರಾತ್ರಿ: ಒಳ್ಳೆಯ ನೀರು, ಸಾಬೂನಿನಿಂದ ಕೈ ತೊಳೆದು ಒರೆಸಿ, ಮಲಗುವಾಗ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿದರೆ ಬಿರುಕು ಬೇಗ ಕೂಡುತ್ತದೆ.

ಇಲ್ಲಿ ಒಂದು ದೊಡ್ಡ ಎಚ್ಚರಿಕೆಯನ್ನು ಹೇಳಲೇಬೇಕು. ಮೀನಿನ ವಾಸನೆ ಹೋಗಲೆಂದು ಕೈಗೆ ನಿಂಬೆಹಣ್ಣು ಉಜ್ಜಿಕೊಳ್ಳುವುದು ಮನೆಮನೆಯ ರೂಢಿ. ಸಂಜೆ ಉಜ್ಜಿ ಚೆನ್ನಾಗಿ ತೊಳೆದುಕೊಂಡರೆ ಬಾಧಕವಿಲ್ಲ. ನಿಂಬೆ ಉಜ್ಜಿದ ಕೈಯಲ್ಲೇ ಬಿಸಿಲಿಗೆ ಹೋದರೆ ಮಾತ್ರ ಅಪಾಯ. ನಿಂಬೆಯ ಸಿಪ್ಪೆ, ರಸದಲ್ಲಿರುವ ಒಂದು ವಸ್ತು ಅತಿನೇರಳೆ ಕಿರಣದ ಜೊತೆ ಸೇರಿ ಚರ್ಮವನ್ನು ಸುಡುತ್ತದೆ. ಒಂದೆರಡು ದಿನದಲ್ಲಿ ಕೆಂಪಾಗಿ ಬೊಬ್ಬೆ ಏಳಬಹುದು; ಆಮೇಲೆ ಉಳಿಯುವ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಏರಿಯ ಮೇಲೆ ಬಿಸಿಲಿನಲ್ಲಿ ಕುಳಿತು ಮೀನು ಮಾರುವ ಅಕ್ಕಂದಿರು ಇದನ್ನು ವಿಶೇಷವಾಗಿ ಗಮನದಲ್ಲಿಡಬೇಕು. ವಾಸನೆಗೆ ಸಾಬೂನು, ಉಪ್ಪು ಸಾಕು. ಹಾಗೆಯೇ ಕೆಲವು ಮಾತ್ರೆಗಳೂ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಅಂಥದ್ದೊಂದು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಅದು ಮುಗಿಯುವ ತನಕ ಮೈ ಮುಚ್ಚಿಕೊಂಡಿರಿ.

ಕಣ್ಣಿಗೆ, ಪಕ್ಕದಿಂದಲೂ ಬೆಳಕು ನುಗ್ಗದಂಥ ಅತಿನೇರಳೆ ತಡೆಯುವ ಕನ್ನಡಕ ಒಳ್ಳೆಯದು. ಬರೀ ಕಪ್ಪು ಗಾಜಿನ ಅಗ್ಗದ ಕನ್ನಡಕವನ್ನು ನಂಬಬೇಡಿ. ಅದರ ಮೇಲೆ "ಯುವಿ 400" ಎಂದಿದೆಯೇ ನೋಡಿ. ಮಕ್ಕಳು ರಜೆಯಲ್ಲಿ ಗಾಳ ಹಿಡಿದು ಹೊರಟರೆ ಅವರಿಗೂ ಟೋಪಿ, ತುಂಬುತೋಳು ಹಾಕಿಸಿ. ದೊಡ್ಡವರಾದ ಮೇಲೆ ಕಾಣುವ ಹಾನಿಗೆ ಚಿಕ್ಕಂದಿನ ಬಿಸಿಲೇ ಬಿತ್ತನೆ.

ಇಷ್ಟಾದರೂ ಚರ್ಮ ಸುಟ್ಟರೆ ನೆರಳಿಗೆ ಬನ್ನಿ. ತಣ್ಣೀರಿನ ಬಟ್ಟೆ ಹಾಕಿ, ಮಂಜುಗಡ್ಡೆ ಬೇಡ. ಕ್ಯಾಲಮೈನ್ ಲೋಷನ್ ಹಚ್ಚಬಹುದು. ಬೊಬ್ಬೆಯನ್ನು ಒಡೆಯಬೇಡಿ. ನೀರು, ಮಜ್ಜಿಗೆ ಚೆನ್ನಾಗಿ ಕುಡಿಯಿರಿ. ತಲೆಸುತ್ತು, ವಾಂತಿ, ಮಾತು ತೊದಲುವುದು ಕಂಡರೆ ಅದು ಬರೀ ಚರ್ಮದ ಮಾತಲ್ಲ, ಬಿಸಿಲಿನ ಹೊಡೆತ. ಅಂಥವರನ್ನು ತಕ್ಷಣ ದಡಕ್ಕೆ ತಂದು, ಮೈಮೇಲೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ.

ತಿಂಗಳಾದರೂ ಮಾಯದ ಹುಣ್ಣು, ದೊಡ್ಡದಾಗುವ ಅಥವಾ ರಕ್ತ ಬರುವ ಮಚ್ಚೆ, ಅಂಗೈ ಅಂಗಾಲಿನಲ್ಲಿ ಹೊಸದಾಗಿ ಎದ್ದ ಕಪ್ಪು ಕಲೆ, ಉಗುರಿನ ಕೆಳಗೆ ಅಗಲವಾಗುತ್ತಿರುವ ಕಪ್ಪು ಗೆರೆ, ಕೆಳದುಟಿಯ ಮೇಲೆ ಹೋಗದ ಬಿಳಿ ಒರಟು ಪೊರೆ, ಕಣ್ಣಿನ ಬಿಳಿಭಾಗದಿಂದ ಕರಿಗುಡ್ಡೆಯ ಕಡೆಗೆ ಬೆಳೆಯುವ ಮಾಂಸ, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಅಂಗಾಲು, ಉಗುರಿನವು ಬಿಸಿಲಿನಿಂದಲೇ ಬರುವುವಲ್ಲ. ಆದರೂ ನಮ್ಮಂಥ ಕಪ್ಪು ಚರ್ಮದವರಲ್ಲಿ ಕೆಟ್ಟ ಗಂಟು ಹೆಚ್ಚಾಗಿ ಅಡಗುವುದು ಅಲ್ಲೇ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಅಗತ್ಯ ಬಿದ್ದರೆ ಅವರೇ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೋ, ಕಿದ್ವಾಯಿ ಆಸ್ಪತ್ರೆಗೋ ಕಳುಹಿಸುತ್ತಾರೆ. ಬೇಗ ತೋರಿಸಿದ ರೋಗ ಬೇಗ ವಾಸಿ.

ಕೊನೆಯದಾಗಿ, ಹೇಳಿದ್ದನ್ನು ಚಿಕ್ಕದಾಗಿ ನೆನಪಿಡಿ. ನೆರಳು ಗಿಡ್ಡವಾದಾಗ ನೀರು ಬಿಟ್ಟು ದಡಕ್ಕೆ ಬನ್ನಿ. ನೀರಿನ ಮೇಲಿರುವಷ್ಟು ಹೊತ್ತೂ ತುಂಬುತೋಳು, ಅಂಚಿನ ಟೋಪಿ, ಕೈಗೆ ಕಾಲುಚೀಲದ ಕವಚ ಇರಲಿ. ಮುಚ್ಚದ ಕಡೆ ಮುಲಾಮು ಹಚ್ಚಿ. ಬಿಸಿಲಿರುವಾಗ ಕೈಗೆ ನಿಂಬೆ ಬೇಡ. ಬಲೆ ಹರಿದರೆ ಹೆಣೆದುಕೊಳ್ಳಬಹುದು, ಹರಿಗೋಲು ತೂತಾದರೆ ತೇಪೆ ಹಾಕಬಹುದು. ಅವೆರಡನ್ನೂ ಮಾಡುವುದಕ್ಕೆ ಬೇಕಾದ ಕೈ ಮಾತ್ರ ಚೆನ್ನಾಗಿರಬೇಕು. ಈ ರಾತ್ರಿಯೇ ಮನೆಯಲ್ಲಿ ಒಂದು ಹಳೆಯ ಕಾಲುಚೀಲವನ್ನು ಹುಡುಕಿ ಇಡಿ.